ಅಪಘಾತ ಪರಿಹಾರದ ಅರ್ಜಿ ಮತ್ತು ಬಿಡದೆ ಪಡೆಯುವ ಚಿಕಿತ್ಸೆ: ಗಾಯಾಳುವೂ ಮನೆಯವರೂ ಅನುಸರಿಸಬೇಕಾದ ಕ್ರಮ

ಮಂಡ್ಯದ ನ್ಯಾಯಾಲಯದಲ್ಲಿ ಎಂ.ವಿ.ಸಿ., ಅಂದರೆ ಮೋಟಾರು ವಾಹನ ಅಪಘಾತದ ಪರಿಹಾರ ಪ್ರಕರಣಗಳ ವಿಚಾರಣೆ ನಡೆಯುವ ದಿನ ಹಿಂದಿನ ಬೆಂಚಿನಲ್ಲಿ ಅರ್ಧ ಗಂಟೆ ಕುಳಿತರೆ ಒಂದು ಪ್ರಶ್ನೆ ಪದೇ ಪದೇ ಕಿವಿಗೆ ಬೀಳುತ್ತದೆ. ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ ನೀವು ಮತ್ತೆ ಯಾವ ವೈದ್ಯರ ಬಳಿಗೂ ಹೋಗಿಲ್ಲ, ಅಲ್ಲವೇ ಎಂದು ವಿಮಾ ಕಂಪನಿಯ ವಕೀಲರು ಪಾಟೀ ಸವಾಲಿನಲ್ಲಿ ಕೇಳುತ್ತಾರೆ. ಗಾಯಾಳು "ಹೋಗಿದ್ದೆ ಸ್ವಾಮಿ, ನಾಲ್ಕೈದು ಸಲ ಹೋಗಿದ್ದೆ" ಎನ್ನುತ್ತಾನೆ. ಅದಕ್ಕೆ ದಾಖಲೆ ಇದೆಯೇ ಎಂಬ ಮರುಪ್ರಶ್ನೆಗೆ ಅವನು ತನ್ನ ವಕೀಲರ ಮುಖ ನೋಡುತ್ತಾನೆ. ಅಷ್ಟರಲ್ಲಿ "ಬಿಡುಗಡೆಯ ನಂತರದ ಚಿಕಿತ್ಸೆಯ ಬಗ್ಗೆ ದಾಖಲೆ ಹಾಜರುಪಡಿಸಿಲ್ಲ ಎಂದರೆ ಸರಿ" ಎಂಬ ಸಾಲು ಹೇಳಿಕೆಯಲ್ಲಿ ಟೈಪಾಗಿರುತ್ತದೆ. ಹಲವು ಪ್ರಕರಣಗಳಲ್ಲಿ ಪರಿಹಾರದ ಮೊತ್ತ ಕುಸಿಯಲು ಆ ಒಂದು ಸಾಲೇ ಸಾಕಾಗುತ್ತದೆ.

ಅಪಘಾತ ನಡೆದು ಒಂದೆರಡು ವರ್ಷಗಳ ಮೇಲೆ ಗಾಯಾಳು ಕಟಕಟೆ ಹತ್ತುವ ಹೊತ್ತಿಗೆ ಹೊಲಿಗೆ ಬಿಚ್ಚಿರುತ್ತದೆ, ಗಾಯದ ಕಲೆ ಪ್ಯಾಂಟಿನೊಳಗೆ ಮುಚ್ಚಿರುತ್ತದೆ, ನಡಿಗೆಯೂ ಒಂದಿಷ್ಟು ಸರಿಹೋಗಿರುತ್ತದೆ. ರಾತ್ರಿ ನಿದ್ದೆಗೆಟ್ಟ ತಿಂಗಳುಗಳನ್ನು ನ್ಯಾಯಾಧೀಶರು ಕಂಡಿರುವುದಿಲ್ಲ. ಆ ತಿಂಗಳುಗಳಲ್ಲಿ ವೈದ್ಯರು ಬರೆದ ಚೀಟಿಗಳನ್ನು ಮಾತ್ರ ಅವರು ನೋಡಬಲ್ಲರು. ಚೀಟಿಗಳ ನಡುವೆ ಮೂರು ತಿಂಗಳ ಬಿಡುವು ಕಂಡರೆ ವಿಮಾ ಕಂಪನಿ ಅದನ್ನು ತನಗೆ ಬೇಕಾದ ಮೂರು ವಾದಗಳಿಂದ ತುಂಬಿಸುತ್ತದೆ: ಗಾಯ ಅಷ್ಟೇನೂ ದೊಡ್ಡದಾಗಿರಲಿಲ್ಲ, ಅದು ಬೇಗನೆ ವಾಸಿಯಾಗಿತ್ತು, ಈಗ ಹೇಳುತ್ತಿರುವ ತೊಂದರೆ ಬೇರಾವುದೋ ಕಾರಣದಿಂದ ಬಂದದ್ದು. ಆ ಬಿಡುವು ಬೀಳದಂತೆ ನೋಡಿಕೊಳ್ಳುವುದು ಹೇಗೆ, ಬಿದ್ದೇ ತೀರಿದರೆ ಅದಕ್ಕೆ ಕಾರಣ ಬರೆಸಿಡುವುದು ಹೇಗೆ ಎಂಬುದಷ್ಟೇ ಈ ಬರಹದ ವಿಷಯ. ಚಿಕಿತ್ಸೆ ಪಡೆಯಬೇಕಾದದ್ದು ದೇಹಕ್ಕಾಗಿಯೇ ಹೊರತು ಕೇಸಿಗಾಗಿ ಅಲ್ಲ. ಆದರೆ ದೇಹಕ್ಕಾಗಿ ಸರಿಯಾಗಿ ಚಿಕಿತ್ಸೆ ಪಡೆದವನ ಕೇಸು ಬಹುಮಟ್ಟಿಗೆ ತಾನಾಗಿಯೇ ಗಟ್ಟಿಯಾಗಿರುತ್ತದೆ.

ಮೊದಲ ದಿನ, ಮೊದಲ ಸಾಲು

ಅಪಘಾತವಾದ ದಿನವೇ ಆಸ್ಪತ್ರೆಗೆ ಹೋಗಬೇಕು. ಬೈಕಿನಿಂದ ಬಿದ್ದವನು ಎದ್ದು ನಿಂತು, ಮೈ ಕೊಡವಿಕೊಂಡು, "ಏನೂ ಆಗಿಲ್ಲ ಬಿಡಿ" ಎಂದು ಮನೆಗೆ ಹೋಗಿ ಅರಿಶಿನ ಹಚ್ಚಿಕೊಂಡು ಮಲಗುವುದು ನಮ್ಮ ಕಡೆ ಸಾಮಾನ್ಯ. ಮಾರನೆಯ ದಿನ ಮಂಡಿ ಊದಿಕೊಂಡು ಕಾಲು ಮಡಿಸಲಾಗದೆ ಹೋದಾಗ ಆಸ್ಪತ್ರೆ ನೆನಪಾಗುತ್ತದೆ. ತಲೆಗೆ ಪೆಟ್ಟು ಬಿದ್ದಿದ್ದರಂತೂ ಈ ಉದಾಸೀನ ಜೀವಕ್ಕೇ ಎರವಾಗಬಹುದು. ಮಿದುಳಿನ ಹೊರಪದರದ ಕೆಳಗೆ ರಕ್ತ ನಿಧಾನವಾಗಿ ಸೇರಿಕೊಂಡು, ವಿಶೇಷವಾಗಿ ವಯಸ್ಸಾದವರಲ್ಲಿ, ಎರಡು ಮೂರು ವಾರಗಳ ಮೇಲೆ ತಲೆನೋವು, ಮರೆವು, ಕೈಕಾಲಿನ ನಿಶ್ಶಕ್ತಿಯ ರೂಪದಲ್ಲಿ ಹೊರಬೀಳುವುದುಂಟು. ಮೊದಲ ದಿನವೇ ತಲೆಯ ಪೆಟ್ಟು ದಾಖಲಾಗಿದ್ದರೆ ಮೂರನೆಯ ವಾರದ ಸ್ಕ್ಯಾನಿಗೂ ಅಪಘಾತಕ್ಕೂ ಇರುವ ನಂಟು ಸುಲಭವಾಗಿ ಕಾಣುತ್ತದೆ. ದಾಖಲಾಗಿರದಿದ್ದರೆ ಅದನ್ನು ಸಾಬೀತುಪಡಿಸುವ ಹೊರೆ ಗಾಯಾಳುವಿನ ತಲೆಯ ಮೇಲೆ ಬೀಳುತ್ತದೆ.

ಮೈಸೂರಿನ ಕೆ.ಆರ್. ಆಸ್ಪತ್ರೆಯಾಗಲಿ, ಮಂಡ್ಯದ ಮಿಮ್ಸ್ ಆಗಲಿ, ಖಾಸಗಿ ಆಸ್ಪತ್ರೆಯಾಗಲಿ, ರಸ್ತೆ ಅಪಘಾತದ ಗಾಯಾಳು ಬಂದಾಗ ಅದನ್ನು ಎಂ.ಎಲ್.ಸಿ., ಅಂದರೆ ವೈದ್ಯ-ಕಾನೂನು ಪ್ರಕರಣವೆಂದು ನೋಂದಾಯಿಸಿ ಪೊಲೀಸರಿಗೆ ತಿಳಿಸುತ್ತಾರೆ. ಪೊಲೀಸರು ಬರುವವರೆಗೆ ಚಿಕಿತ್ಸೆಯನ್ನು ತಡೆಹಿಡಿಯುವಂತಿಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 1989ರಲ್ಲಿ ಪರಮಾನಂದ ಕಟಾರಾ ಪ್ರಕರಣದಲ್ಲಿಯೇ ಸ್ಪಷ್ಟಪಡಿಸಿದೆ. ಆ ಎಂ.ಎಲ್.ಸಿ. ಪುಸ್ತಕದಲ್ಲಿ ಗಾಯಗಳ ವಿವರಕ್ಕಿಂತ ಮೊದಲು ಗಾಯ ಹೇಗಾಯಿತು ಎಂಬ ಒಂದು ಸಾಲು ಇರುತ್ತದೆ. ಅದನ್ನು ಹೇಳುವವನು ಅನೇಕ ವೇಳೆ ಗಾಯಾಳುವಲ್ಲ. ಆಟೋದಲ್ಲಿ ಕರೆತಂದ ದಾರಿಹೋಕನೋ, ಗಾಬರಿಯಲ್ಲಿರುವ ಬಾಮೈದನೋ ಆಗಿರುತ್ತಾನೆ. ಪೊಲೀಸ್ ಕೇಸಿನ ತಾಪತ್ರಯ ಬೇಡವೆಂದೋ, ಗುದ್ದಿದವನು ಪರಿಚಯದವನೆಂದೋ ಅವನು "ಗಾಡಿ ಜಾರಿ ಬಿದ್ದರು" ಎಂದುಬಿಡುತ್ತಾನೆ. ಕರ್ತವ್ಯದಲ್ಲಿರುವ ವೈದ್ಯರು ಅದನ್ನೇ ಬರೆದುಕೊಳ್ಳುತ್ತಾರೆ. ನಾಲ್ಕು ದಿನಗಳ ನಂತರ ಟ್ರ್ಯಾಕ್ಟರ್ ಗುದ್ದಿತೆಂದು ದೂರು ಕೊಟ್ಟರೆ, ವಿಮಾ ಕಂಪನಿ ಆ ಪುಸ್ತಕವನ್ನೇ ತರಿಸಿ ನ್ಯಾಯಮಂಡಳಿಯ, ಅಂದರೆ ಪರಿಹಾರದ ಅರ್ಜಿಯನ್ನು ತೀರ್ಮಾನಿಸುವ ನ್ಯಾಯಾಲಯದ, ಮುಂದಿಡುತ್ತದೆ. ನನ್ನ ವಕೀಲಿಕೆಯ ಅನುಭವದಲ್ಲಿ ಗಾಯಾಳುವಿಗೆ ಅತಿ ಹೆಚ್ಚು ಹಾನಿ ಮಾಡಿರುವುದು ಈ ಸಾಲೇ.

ಆದ್ದರಿಂದ ಜೊತೆಯಲ್ಲಿ ಹೋದವರು ತಮಗೆ ತಿಳಿದಷ್ಟನ್ನು ನಿಜವಾಗಿ ಹೇಳಬೇಕು: ಎಲ್ಲಿ, ಎಷ್ಟು ಹೊತ್ತಿಗೆ, ಯಾವ ಬಗೆಯ ವಾಹನ, ಸಾಧ್ಯವಾದರೆ ಅದರ ನಂಬರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಹೇಳಬೇಕು. ಗಾಯಾಳುವಿಗೆ ಎಚ್ಚರವಿದ್ದರೆ ಮೈಯಲ್ಲಿ ನೋಯುತ್ತಿರುವ ಎಲ್ಲ ಜಾಗಗಳನ್ನೂ ಹೇಳಬೇಕು. ಮುರಿದ ಕಾಲಿನ ನೋವಿನ ಮುಂದೆ ಭುಜದ ನೋವು ಗಮನಕ್ಕೇ ಬರುವುದಿಲ್ಲ. ಆದರೆ ಕಾಲು ಕೂಡಿದ ಮೇಲೆ ಕೈ ಎತ್ತಲಾಗದೆ ಪರದಾಡುವಾಗ, ಗಾಯದ ಪ್ರಮಾಣಪತ್ರದಲ್ಲಿ ಭುಜದ ಹೆಸರೇ ಇರುವುದಿಲ್ಲ. ಮೊದಲ ದಿನ ಮರೆತಿದ್ದರೆ ವಾರ್ಡಿಗೆ ಬರುವ ವೈದ್ಯರಿಗೆ ಮಾರನೆಯ ದಿನವಾದರೂ ಹೇಳಿ ಕೇಸ್ ಶೀಟಿನಲ್ಲಿ ಬರೆಸಬೇಕು. ಹಳೆಯ ಬೆನ್ನುನೋವು ಅಥವಾ ಹಿಂದೆ ಮುರಿದ ಮೂಳೆ ಇದ್ದರೆ ಅದನ್ನೂ ಮುಚ್ಚಿಡಬಾರದು. ಮುಚ್ಚಿಟ್ಟದ್ದು ಎಕ್ಸ್‌ರೇಯಲ್ಲಿ ಕಾಣಿಸಿಕೊಂಡ ದಿನ ಉಳಿದ ಮಾತುಗಳ ಮೇಲಿನ ನಂಬಿಕೆಯೂ ಹೋಗುತ್ತದೆ.

ಪೊಲೀಸ್ ದೂರು ತಡವಾಯಿತೆಂದು ಎದೆಗುಂದಬೇಕಾಗಿಲ್ಲ. ಗಾಯಾಳುವಿನ ಮನೆಯವರು ಮೊದಲು ಚಿಕಿತ್ಸೆಯ ಕಡೆ ಓಡುವುದು ಸಹಜ, ದೂರು ತಡವಾದ ಮಾತ್ರಕ್ಕೆ ಅರ್ಜಿಯನ್ನು ತಳ್ಳಿಹಾಕಬಾರದು ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ರವಿ ವಿರುದ್ಧ ಬದರಿನಾರಾಯಣ ಪ್ರಕರಣದಲ್ಲಿ ಹೇಳಿದೆ. ಆದರೆ ಆ ತೀರ್ಪಿನ ಆಸರೆ ಸಿಗುವುದು, ತಡವಾದ ಆ ದಿನಗಳಲ್ಲಿ ಗಾಯಾಳು ನಿಜಕ್ಕೂ ಆಸ್ಪತ್ರೆಯಲ್ಲಿದ್ದ ಎಂದು ತೋರಿಸಬಲ್ಲವರಿಗೆ.

ಆಸ್ಪತ್ರೆ ಬದಲಾಗುವಾಗ

ಮದ್ದೂರಿನ ಬಳಿ ಹೆದ್ದಾರಿಯಲ್ಲಿ ಬಿದ್ದವನು ಮೊದಲು ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಮಂಡ್ಯಕ್ಕೆ, ಅಲ್ಲಿಂದ ಮೈಸೂರಿಗೆ ಅಥವಾ ಬೆಂಗಳೂರಿಗೆ ಹೋಗುವುದು ವಾಡಿಕೆ. ಒಂದೇ ರಾತ್ರಿಯಲ್ಲಿ ಮೂರು ಆಸ್ಪತ್ರೆಗಳಾಗುತ್ತವೆ. ಮೊದಲ ಎರಡರಲ್ಲಿ ಕಳೆದದ್ದು ಒಂದೊಂದು ಗಂಟೆಯಾದರೂ ಅವುಗಳ ಚೀಟಿ ಬೇಕೇ ಬೇಕು, ಏಕೆಂದರೆ ಅಪಘಾತದ ಸ್ಥಳದಿಂದ ಶಸ್ತ್ರಚಿಕಿತ್ಸೆಯ ಮೇಜಿನವರೆಗಿನ ಸರಪಳಿಯ ಕೊಂಡಿಗಳು ಅವೇ. ಪ್ರತಿಯೊಂದು ಕಡೆಯೂ ರೆಫರಲ್ ಚೀಟಿ ಬರೆಸಿಕೊಳ್ಳಬೇಕು. ಹೊಸ ಆಸ್ಪತ್ರೆಯಲ್ಲಿ ಹಳೆಯ ಎಂ.ಎಲ್.ಸಿ. ಸಂಖ್ಯೆಯನ್ನು ಹೇಳಿ ನಮೂದಿಸುವಂತೆ ಕೇಳಬೇಕು.

ರಸ್ತೆ ಅಪಘಾತದ ಗಾಯಾಳುಗಳಿಗೆ ನಗದುರಹಿತ ಚಿಕಿತ್ಸೆ ನೀಡುವ ಕೇಂದ್ರ ಸರ್ಕಾರದ ಯೋಜನೆ 2025ರ ಮೇ ತಿಂಗಳಲ್ಲಿ ಜಾರಿಗೆ ಬಂದಿದ್ದು, ಅದರ ಪ್ರಕಾರ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನಗಳವರೆಗೆ, ಒಬ್ಬ ಗಾಯಾಳುವಿಗೆ 1.5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ದೊರೆಯುತ್ತದೆ. ಇದು ಒಳ್ಳೆಯದೇ. ಆದರೆ ಏಳನೆಯ ದಿನ ಮುಗಿದ ಕೂಡಲೇ "ಇನ್ನು ದುಡ್ಡು ಎಲ್ಲಿಂದ ತರುವುದು" ಎಂಬ ಚಿಂತೆಯಲ್ಲಿ ಗಾಯಾಳುವನ್ನು ಮನೆಗೆ ಕರೆತಂದರೆ ಚಿಕಿತ್ಸೆಯ ದಾರ ಅಲ್ಲಿಯೇ ಕಡಿಯುತ್ತದೆ. ಖಾಸಗಿಯಲ್ಲಿ ಮುಂದುವರಿಸಲು ಆಗದಿದ್ದರೆ ಸರ್ಕಾರಿ ಆಸ್ಪತ್ರೆಗೆ ವರ್ಗಾಯಿಸಿಕೊಳ್ಳಿ. ಬಿಲ್ಲಿನ ಮೊತ್ತ ದೊಡ್ಡದಾದಷ್ಟೂ ಪರಿಹಾರ ದೊಡ್ಡದಾಗುತ್ತದೆ ಎಂಬ ನಂಬಿಕೆಯಿಂದ ಸಾಲ ಮಾಡಿ ಖಾಸಗಿ ಆಸ್ಪತ್ರೆಯಲ್ಲಿ ಉಳಿಯುವವರನ್ನು ನೋಡಿದ್ದೇನೆ. ಬಿಲ್ಲಿನ ಮೊತ್ತ ಪರಿಹಾರದ ಒಂದು ಬಾಬ್ತು ಮಾತ್ರ. ನೋವು, ದುಡಿಮೆಯ ನಷ್ಟ, ಅಂಗವೈಕಲ್ಯ ಇವೆಲ್ಲಕ್ಕೂ ಸರ್ಕಾರಿ ಆಸ್ಪತ್ರೆಯ ಕೇಸ್ ಶೀಟಿಗೆ ಖಾಸಗಿಯದಕ್ಕಿಂತ ತೂಕ ಕಡಿಮೆಯಿಲ್ಲ.

ಬಿಡುಗಡೆಯ ನಂತರದ ತಿಂಗಳುಗಳು

ಡಿಸ್ಚಾರ್ಜ್ ಸಮ್ಮರಿಯ ಕೊನೆಯಲ್ಲಿ ಎರಡು ಮೂರು ಸಾಲುಗಳ ಸಲಹೆ ಇರುತ್ತದೆ: ಹತ್ತು ದಿನಗಳ ನಂತರ ಹೊಲಿಗೆ ಬಿಚ್ಚಿಸಲು ಬರಬೇಕು, ಆರು ವಾರ ಕಾಲಿಗೆ ಭಾರ ಹಾಕಬಾರದು, ಫಿಸಿಯೋಥೆರಪಿ ಮಾಡಿಸಬೇಕು. ಮನೆಯವರು ಮಾತ್ರೆಯ ಪಟ್ಟಿಯನ್ನು ಓದುತ್ತಾರೆ, ಈ ಸಾಲುಗಳನ್ನು ಓದುವುದಿಲ್ಲ. ಗಾಯಾಳುವಿನ ಪಾಲಿಗೆ ಮುಂದಿನ ಒಂದು ವರ್ಷದ ವೇಳಾಪಟ್ಟಿ ಅದೇ. ಅದರಲ್ಲಿ ಹೇಳಿದ ದಿನ ಹೋಗಬೇಕು, ಹೋದಾಗ ಹೊರರೋಗಿ ಚೀಟಿ ಮಾಡಿಸಬೇಕು, ವೈದ್ಯರು ಅದರ ಮೇಲೆ ಬರೆಯುವಂತೆ ನೋಡಿಕೊಳ್ಳಬೇಕು. ಪರಿಚಯದ ವೈದ್ಯರೆಂದು ಚೀಟಿಯಿಲ್ಲದೆ ಒಳಗೆ ಹೋಗಿ, ಕಾಲು ತೋರಿಸಿ, "ಚೆನ್ನಾಗಿದೆ, ಹೋಗಿ" ಎನಿಸಿಕೊಂಡು ಬಂದ ಭೇಟಿ ನ್ಯಾಯಮಂಡಳಿಯ ಲೆಕ್ಕದಲ್ಲಿ ನಡೆದೇ ಇಲ್ಲ.

ವೈದ್ಯರ ಎದುರು ಕುಳಿತಾಗ ಏನು ಹೇಳಬೇಕು ಎಂಬುದಕ್ಕೂ ಒಂದು ಮಾತಿದೆ. "ಹೇಗಿದ್ದೀರಿ" ಎಂದರೆ "ಪರವಾಗಿಲ್ಲ ಸಾರ್" ಎನ್ನುವುದು ನಮ್ಮ ಜನರ ಸೌಜನ್ಯ. ವೈದ್ಯರು ಅದನ್ನು ನಂಬಿ "ರೋಗಿ ಆರಾಮವಾಗಿದ್ದಾರೆ" ಎಂದು ಬರೆದರೆ ಆ ಸೌಜನ್ಯಕ್ಕೆ ಬೆಲೆ ತೆರಬೇಕಾಗುತ್ತದೆ. ಅದರ ಬದಲು ಮಾಡಲಾಗದ ಕೆಲಸವನ್ನು ಹೇಳಿ: ಕುಕ್ಕರಗಾಲಿನಲ್ಲಿ ಕೂರಲು ಆಗುತ್ತಿಲ್ಲ, ಗದ್ದೆಯ ಬದುವಿನ ಮೇಲೆ ನಡೆಯುವಾಗ ಕಾಲು ಹೊರಳುತ್ತದೆ, ಕೊಡ ಎತ್ತಿದರೆ ಮಣಿಕಟ್ಟು ಸೆಳೆಯುತ್ತದೆ, ಮಗ್ಗುಲು ಬದಲಿಸಿದಾಗ ಎಚ್ಚರವಾಗುತ್ತದೆ. ಇವು ಉತ್ಪ್ರೇಕ್ಷೆಯಲ್ಲ, ವೈದ್ಯರಿಗೆ ಬೇಕಾದ ಮಾಹಿತಿಯೇ. ಇಲ್ಲದ ನೋವನ್ನು ಹೇಳಬೇಡಿ; ಮೂಳೆತಜ್ಞರು ಕೀಲನ್ನು ಮಡಿಸಿ ನೋಡಿದ ಅರ್ಧ ನಿಮಿಷದಲ್ಲಿ ನಾಟಕವನ್ನು ಗುರುತಿಸಬಲ್ಲರು.

ಇಲ್ಲಿ ಒಂದು ಅಂಕಿಯನ್ನು ನೆನಪಿಡುವುದು ಒಳ್ಳೆಯದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಮಿನ ಪ್ರಕಾರ ಮೂಳೆ ಮುರಿತ, ಕೀಲು ತಪ್ಪುವುದು, ಹಲ್ಲು ಮುರಿಯುವುದು ತೀವ್ರ ಗಾಯಗಳು. ಅವಷ್ಟೇ ಅಲ್ಲ, 15 ದಿನಗಳ ಕಾಲ ತೀವ್ರ ನೋವು ಅನುಭವಿಸುವಂತೆ ಅಥವಾ ದಿನನಿತ್ಯದ ಕೆಲಸ ಮಾಡಿಕೊಳ್ಳಲಾಗದಂತೆ ಮಾಡಿದ ಗಾಯವೂ ತೀವ್ರ ಗಾಯವೇ. ಹಳೆಯ ದಂಡ ಸಂಹಿತೆಯಲ್ಲಿ ಈ ಅವಧಿ 20 ದಿನಗಳಾಗಿತ್ತು. ಮೂಳೆ ಮುರಿಯದ, ಆದರೆ ಸ್ನಾಯು ಹರಿದು ಮೂರು ವಾರ ಹಾಸಿಗೆ ಹಿಡಿದ ಗಾಯಾಳುವಿಗೆ ಈ ನಿಯಮವೇ ಆಸರೆ. ಆ 15 ದಿನಗಳನ್ನು ತೋರಿಸಿಕೊಡುವುದು ಎರಡನೆಯ ಮತ್ತು ಮೂರನೆಯ ವಾರದ ಹೊರರೋಗಿ ಚೀಟಿಗಳು. ಚಾಲಕನ ತಪ್ಪನ್ನು ಸಾಬೀತುಪಡಿಸುವ ಅಗತ್ಯವಿಲ್ಲದೆ 2.5 ಲಕ್ಷ ರೂಪಾಯಿ ಕೇಳಲು ಅವಕಾಶವಿರುವ ಮೋಟಾರು ವಾಹನ ಕಾಯ್ದೆಯ 164ನೇ ಕಲಮಾಗಲಿ, ಗುದ್ದಿ ಪರಾರಿಯಾದ ಪ್ರಕರಣಗಳಲ್ಲಿ 50,000 ರೂಪಾಯಿ ದೊರೆಯುವ 161ನೇ ಕಲಮಾಗಲಿ ಅನ್ವಯಿಸುವುದು ತೀವ್ರ ಗಾಯಕ್ಕೇ.

ನಾಟಿ ಕಟ್ಟಿನ ಪ್ರಶ್ನೆ

ಇದನ್ನು ಬರೆಯದೆ ಮುಂದೆ ಹೋದರೆ ನಮ್ಮ ಜಿಲ್ಲೆಗಳ ಗಾಯಾಳುಗಳಿಗೆ ಈ ಮಾರ್ಗದರ್ಶಿಯಿಂದ ಅರ್ಧ ಪ್ರಯೋಜನವೂ ಆಗದು. ಮೂಳೆ ಮುರಿದವನಿಗೆ ವೈದ್ಯರು ಶಸ್ತ್ರಚಿಕಿತ್ಸೆ ಎಂದ ಕೂಡಲೇ ಹಾಸಿಗೆಯ ಸುತ್ತ ಸೇರಿದ ನೆಂಟರಲ್ಲಿ ಒಬ್ಬರಾದರೂ "ಆಪರೇಷನ್ ಯಾಕೆ, ಕಟ್ಟು ಹಾಕಿಸಿದರೆ ಆಯಿತು" ಎನ್ನುತ್ತಾರೆ. ವೈದ್ಯರ ಸಲಹೆಗೆ ವಿರುದ್ಧವಾಗಿ ಹೋಗುತ್ತಿದ್ದೇವೆ ಎಂದು ಸಹಿ ಹಾಕಿ, ಗಾಯಾಳುವನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೊರಟುಬಿಡುತ್ತಾರೆ. ಕಟ್ಟಿನಿಂದ ಕೂಡಿದ ಮೂಳೆಗಳೂ ಇವೆ, ವಕ್ರವಾಗಿ ಕೂಡಿದವೂ ಇವೆ. ಬಿಗಿಯಾದ ಕಟ್ಟಿನಿಂದ ರಕ್ತಸಂಚಾರ ನಿಂತು ಕೈಯನ್ನೇ ಕಳೆದುಕೊಳ್ಳುವ ಅಪಾಯವೂ ಇದೆ. ವೈದ್ಯಕೀಯ ತೀರ್ಮಾನ ನನ್ನದಲ್ಲ. ಅರ್ಜಿಯ ದೃಷ್ಟಿಯಿಂದ ಮಾತ್ರ ಹೇಳುವುದಾದರೆ, ಆ ಸಹಿಯ ಕಾಗದ ವಿಮಾ ಕಂಪನಿಯ ಕೈಗೆ ಸಿಕ್ಕ ಆಯುಧ. ಕಾಲು ಗಿಡ್ಡವಾದದ್ದು ಅಪಘಾತದಿಂದಲ್ಲ, ಗಾಯಾಳು ತಾನೇ ಚಿಕಿತ್ಸೆ ನಿರಾಕರಿಸಿದ್ದರಿಂದ ಎಂದು ಅವರು ವಾದಿಸುತ್ತಾರೆ, ಮತ್ತು ಆ ವಾದದಲ್ಲಿ ಹುರುಳಿಲ್ಲವೆಂದು ಹೇಳುವುದು ಕಷ್ಟ.

ಈಗಾಗಲೇ ಕಟ್ಟು ಹಾಕಿಸಿಕೊಂಡು ಬಂದಿದ್ದರೂ ದಾರಿ ಮುಚ್ಚಿಲ್ಲ. ನಾಚಿಕೆ ಬಿಟ್ಟು ಮೂಳೆತಜ್ಞರ ಬಳಿಗೆ ಹಿಂದಿರುಗಿ, ನಡೆದದ್ದನ್ನು ಹೇಳಿ, ಎಕ್ಸ್‌ರೇ ತೆಗೆಸಿ, ಮೂಳೆಯ ಈಗಿನ ಸ್ಥಿತಿಯನ್ನು ಬರೆಸಿಕೊಳ್ಳಬೇಕು. ಹಣವಿಲ್ಲದೆ ಹೋಗಲಾಗಲಿಲ್ಲ, ಕರೆದುಕೊಂಡು ಹೋಗುವವರಿರಲಿಲ್ಲ, ಹಳ್ಳಿಯಿಂದ ಬಸ್ಸು ಹತ್ತುವ ಸ್ಥಿತಿ ಇರಲಿಲ್ಲ ಎಂಬ ನಿಜವಾದ ಕಾರಣಗಳಿದ್ದರೆ ಅವನ್ನು ಮರುಭೇಟಿಯ ಚೀಟಿಯಲ್ಲಿ ವೈದ್ಯರಿಂದ ಒಂದು ಸಾಲಿನಲ್ಲಿ ದಾಖಲಿಸಿಕೊಳ್ಳಬೇಕು. ಆಗಲೇ ಬರೆಸಿದ ಕಾರಣಕ್ಕೆ ಬೆಲೆ ಉಂಟು. ಕಟಕಟೆಯಲ್ಲಿ ಮೊದಲ ಬಾರಿಗೆ ಹೇಳಿದ ಕಾರಣವನ್ನು ಯಾರೂ ಸುಲಭವಾಗಿ ನಂಬುವುದಿಲ್ಲ.

ಕಾಗದಗಳನ್ನು ಇಟ್ಟುಕೊಳ್ಳುವ ಬಗೆ

ಪಾಂಡವಪುರದ ಕಡೆಯ ಆಲೆಮನೆಯೊಂದರಲ್ಲಿ ದುಡಿಯುತ್ತಿದ್ದ ಗಾಯಾಳುವಿನ ತಾಯಿ ನನ್ನ ಕಚೇರಿಗೆ ಮೊದಲ ಸಲ ಬಂದಾಗ ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರೊಂದನ್ನು ಮೇಜಿನ ಮೇಲಿಟ್ಟರು. ಅದರೊಳಗೆ ಚೀಟಿಗಳ ಜೊತೆಗೆ ಗೋಡೆಯಿಂದ ಬಿಚ್ಚಿ ತಂದ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಇತ್ತು. ಓದು ಬಾರದ ಆಕೆ ಆಸ್ಪತ್ರೆಗೆ ಹೋದ ದಿನದ ಚೌಕದಲ್ಲಿ ಮೊಮ್ಮಗಳಿಂದ "ಆ" ಎಂದೂ, ವ್ಯಾಯಾಮಕ್ಕೆ ಕರೆದುಕೊಂಡು ಹೋದ ದಿನ "ವ್ಯಾ" ಎಂದೂ ಬರೆಸಿದ್ದರು. ಮಗ ಕೂಲಿಗೆ ಹೋಗಲಾರದ ತಿಂಗಳುಗಳು ಆ ಹಾಳೆಗಳಲ್ಲಿ ಎದ್ದು ಕಾಣುತ್ತಿದ್ದವು. ಕ್ಯಾಲೆಂಡರ್ ತಾನಾಗಿಯೇ ದೊಡ್ಡ ಸಾಕ್ಷ್ಯವಲ್ಲ. ಆದರೆ ಕಳೆದುಹೋಗಿದ್ದ ನಾಲ್ಕು ಚೀಟಿಗಳ ತಾರೀಕು ಅದರಿಂದ ಸಿಕ್ಕಿತು, ಆ ತಾರೀಕುಗಳನ್ನು ಹಿಡಿದು ಆಸ್ಪತ್ರೆಯ ನೋಂದಣಿ ಪುಸ್ತಕದಿಂದ ನಕಲು ಪಡೆಯಲು ಸಾಧ್ಯವಾಯಿತು. ಅದಕ್ಕೂ ಮುಂಚೆ, ವಕೀಲಿಕೆಯ ಆರಂಭದ ವರ್ಷಗಳಲ್ಲಿ, ಕಕ್ಷಿದಾರರನ್ನು ಚೀಟಿ ಕೇಳುತ್ತಿದ್ದೆನೇ ಹೊರತು ತಾರೀಕು ಬರೆದಿಡಲು ಹೇಳುತ್ತಿರಲಿಲ್ಲ. ಈಗ ಮೊದಲ ಭೇಟಿಯಲ್ಲಿಯೇ ಹೇಳುತ್ತೇನೆ.

ಔಷಧಿ ಅಂಗಡಿಯ ಬಿಲ್ಲಿನಲ್ಲಿ ಗಾಯಾಳುವಿನ ಹೆಸರು ಇರಬೇಕು, ಅದಕ್ಕೆ ಸರಿಹೊಂದುವ ವೈದ್ಯರ ಚೀಟಿಯೂ ಜೊತೆಗಿರಬೇಕು. ಚೀಟಿಯಿಲ್ಲದ ಬಿಲ್ಲಿಗೆ ಆಕ್ಷೇಪಣೆ ಬರುವುದು ಖಚಿತ. ಆಸ್ಪತ್ರೆಯಲ್ಲಿ ಕಟ್ಟಿದ ಮುಂಗಡದ ರಸೀದಿಗಳನ್ನೂ ಅಂತಿಮ ಬಿಲ್ಲನ್ನೂ ಕೂಡಿಸಿ ಲೆಕ್ಕ ಕೊಡಬೇಡಿ. ಮುಂಗಡ ಅಂತಿಮ ಬಿಲ್ಲಿನಲ್ಲಿ ಸೇರಿಯೇ ಇರುತ್ತದೆ, ಎರಡೆರಡು ಸಲ ಲೆಕ್ಕ ಹಿಡಿದದ್ದನ್ನು ಎದುರು ವಕೀಲರು ಮೊದಲ ಐದು ನಿಮಿಷದಲ್ಲಿ ಪತ್ತೆಹಚ್ಚಿ ಇಡೀ ಪಟ್ಟಿಯೇ ಸುಳ್ಳೆನ್ನುತ್ತಾರೆ. ಥರ್ಮಲ್ ಕಾಗದದ ಬಿಲ್ಲುಗಳ ಅಕ್ಷರ ಒಂದೇ ಬೇಸಿಗೆಯಲ್ಲಿ ಮಾಸಿಹೋಗಬಹುದು. ಬಂದ ವಾರವೇ ಜೆರಾಕ್ಸ್ ಮಾಡಿಸಿ ಮೂಲದ ಜೊತೆಗೆ ಪಿನ್ ಮಾಡಿಡಿ. ಬಸ್ ಟಿಕೆಟ್ಟುಗಳಿಗೂ ಇದೇ ಮಾತು. ಶಕ್ತಿ ಯೋಜನೆಯ ಶೂನ್ಯ ದರದ ಟಿಕೆಟ್ಟನ್ನು ಹೆಣ್ಣುಮಕ್ಕಳು ಇಳಿದ ತಕ್ಷಣ ಬಿಸಾಡುತ್ತಾರೆ. ಅದರಿಂದ ಹಣ ಬಾರದಿದ್ದರೂ ಗಾಯಾಳು ಮಹಿಳೆ ಅಂದು ಮೈಸೂರಿಗೆ ಪ್ರಯಾಣ ಮಾಡಿದ್ದಳು ಎಂಬುದಕ್ಕೆ ಹೊರರೋಗಿ ಚೀಟಿಯ ಜೊತೆ ಅದೂ ಒಂದು ಪುಟ್ಟ ಆಧಾರ. ಎಕ್ಸ್‌ರೇ ಫಿಲಂಗಳನ್ನು ಮಡಿಸಬೇಡಿ, ಬಿಸಿಲು ಬೀಳುವ ಕಡೆ ಇಡಬೇಡಿ.

ಆರೋಗ್ಯ ವಿಮೆಯಿಂದ ಹಣ ಪಡೆಯುವಾಗ ಮೂಲ ಬಿಲ್ಲುಗಳು ಆ ಕಂಪನಿಗೆ ಹೋಗಿಬಿಡುತ್ತವೆ. ಕೊಡುವ ಮುನ್ನ ಆಸ್ಪತ್ರೆಯಿಂದ ದೃಢೀಕೃತ ನಕಲು ಪಡೆದಿಟ್ಟುಕೊಳ್ಳಿ. ಒಳರೋಗಿಯ ದಾಖಲೆಗಳನ್ನು ವೈದ್ಯರು 3 ವರ್ಷ ಕಾಪಾಡಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಒದಗಿಸಬೇಕು ಎಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿನಿಯಮಗಳು ಹೇಳುತ್ತವೆ. ಕೇಳಿಕೆ ಬಾಯಿಮಾತಿನಲ್ಲಿ ಬೇಡ. ಅರ್ಜಿ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಮೂರು ವರ್ಷ ದೀರ್ಘವೆಂದು ಕಾಣುತ್ತದೆ, ಆದರೆ ವಿಚಾರಣೆಗೆ ಬರುವ ಹೊತ್ತಿಗೆ ಆ ಗಡುವು ಹತ್ತಿರವಾಗಿರುತ್ತದೆ.

ಅಂಗವೈಕಲ್ಯದ ಲೆಕ್ಕ

ಪರಿಹಾರದ ದೊಡ್ಡ ಪಾಲು ಇಲ್ಲಿದೆ, ಬಿಡದೆ ಪಡೆದ ಚಿಕಿತ್ಸೆಯ ಫಲವೂ ಇಲ್ಲಿಯೇ ಕಾಣುತ್ತದೆ. ಗಾಯದ ಪ್ರಕರಣಗಳಲ್ಲಿ ಯಾವ ಯಾವ ಬಾಬ್ತಿನಲ್ಲಿ ಪರಿಹಾರ ನೀಡಬೇಕೆಂಬುದನ್ನು ಸುಪ್ರೀಂ ಕೋರ್ಟ್ ರಾಜಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ವಿವರವಾಗಿ ಬಿಡಿಸಿಟ್ಟಿದೆ. ಚಿಕಿತ್ಸೆ, ಔಷಧಿ, ಓಡಾಟ, ಪೌಷ್ಟಿಕ ಆಹಾರದ ಖರ್ಚು. ಚಿಕಿತ್ಸೆಯ ಅವಧಿಯಲ್ಲಿ ಕಳೆದುಕೊಂಡ ದುಡಿಮೆ. ಶಾಶ್ವತ ಅಂಗವೈಕಲ್ಯದಿಂದ ಮುಂದೆ ಕಳೆದುಕೊಳ್ಳುವ ದುಡಿಮೆ. ಮುಂದಿನ ಚಿಕಿತ್ಸೆಯ ವೆಚ್ಚ. ನೋವು ಮತ್ತು ಸಂಕಟ. ಬದುಕಿನ ಸೌಖ್ಯದ ನಷ್ಟ ಇವು ಮುಖ್ಯವಾದವು. ಒಂದು ಅಂಗಕ್ಕಾದ ನಷ್ಟದ ಶೇಕಡಾವಾರು ಬೇರೆ, ಅದರಿಂದ ಆ ವ್ಯಕ್ತಿಯ ದುಡಿಯುವ ಶಕ್ತಿಗಾದ ನಷ್ಟ ಬೇರೆ ಎಂದು ಅದೇ ತೀರ್ಪು ಹೇಳುತ್ತದೆ. ಎಡಗೈ ಕಳೆದುಕೊಂಡ ಬಡಗಿಗೋ ಚಾಲಕನಿಗೋ ದುಡಿಮೆ ಪೂರ್ತಿಯಾಗಿಯೇ ಹೋಗಬಹುದು. ಸರ್ಕಾರಿ ಗುಮಾಸ್ತನಿಗೆ ಹಾಗಾಗಬೇಕೆಂದಿಲ್ಲ.

ಒಂದು ಲೆಕ್ಕ ನೋಡೋಣ. ಕಬ್ಬು ಕಡಿಯುವ 38 ವರ್ಷದ ಕೂಲಿಕಾರನ ಮಂಡಿಯ ಕೆಳಗಿನ ಮೂಳೆ ಮುರಿದು ರಾಡು ಹಾಕಿದ್ದಾರೆ ಎಂದುಕೊಳ್ಳಿ. ತಿಂಗಳ ಆದಾಯವನ್ನು ನ್ಯಾಯಮಂಡಳಿ 15,000 ರೂಪಾಯಿ ಎಂದು ಹಿಡಿಯಿತು. 36ರಿಂದ 40 ವರ್ಷದವರಿಗೆ ಸರಳಾ ವರ್ಮಾ ಪ್ರಕರಣದಲ್ಲಿ 2009ರಲ್ಲಿ ನಿಗದಿಯಾದ ಗುಣಕ 15. ವರ್ಷದ ಆದಾಯವನ್ನು ಗುಣಕದಿಂದ ಗುಣಿಸಿದರೆ 27 ಲಕ್ಷ. ವೈದ್ಯರು ಕಾಲಿಗೆ ಶೇ. 36ರಷ್ಟು ವೈಕಲ್ಯವೆಂದು ಹೇಳಿದರೆ ಅದರ ಮೂರನೆಯ ಒಂದು ಭಾಗವನ್ನು ಇಡೀ ದೇಹದ್ದೆಂದು ಹಿಡಿಯುವ ರೂಢಿ ನಮ್ಮಲ್ಲಿದೆ, ಆಗ ಶೇ. 12ಕ್ಕೆ 3,24,000 ರೂಪಾಯಿ ಬರುತ್ತದೆ. ಆದರೆ ಇವನು ಮೊದಲಿನಂತೆ ಬಗ್ಗಿ ಕಬ್ಬು ಕಡಿಯಲಾರ, ಹೊರೆ ಹೊತ್ತು ಲಾರಿಗೆ ಹತ್ತಲಾರ ಎಂಬುದು ಒಂದು ವರ್ಷದ ಚೀಟಿಗಳಲ್ಲಿ ಸತತವಾಗಿ ದಾಖಲಾಗಿದ್ದು, ನ್ಯಾಯಮಂಡಳಿ ದುಡಿಮೆಯ ನಷ್ಟವನ್ನು ಶೇ. 20 ಎಂದು ಒಪ್ಪಿದರೆ ಅದೇ ಮೊತ್ತ 5,40,000 ಆಗುತ್ತದೆ. ಚಿಕಿತ್ಸೆಯ ಅವಧಿಯ ದುಡಿಮೆಯ ನಷ್ಟವೂ ಹೀಗೆಯೇ. ಕಾಗದವಿಲ್ಲದಿದ್ದರೆ ಮೂರು ತಿಂಗಳೆಂದು ಅಂದಾಜು ಹಾಕಿ 45,000 ಕೊಟ್ಟಾರು. ಐದನೆಯ ತಿಂಗಳ ಚೀಟಿಯಲ್ಲಿ "ಇನ್ನೂ ಊರುಗೋಲಿನ ಸಹಾಯದಿಂದ ನಡೆಯುತ್ತಿದ್ದಾರೆ" ಎಂದಿದ್ದರೆ ಆರು ತಿಂಗಳ 90,000 ಕೇಳುವುದು ಸುಲಭ.

ಹಾಕಿದ ರಾಡು ಅಥವಾ ಪ್ಲೇಟನ್ನು ಮುಂದೆ ತೆಗೆಸಬೇಕಾದೀತೇ, ಅದಕ್ಕೆ ಎಷ್ಟು ಖರ್ಚಾದೀತು ಎಂಬುದನ್ನು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಂದಲೇ ಅಂದಾಜು ಪತ್ರವಾಗಿ ಬರೆಸಿಕೊಳ್ಳಬೇಕು. ಮುಂದಿನ ಚಿಕಿತ್ಸೆಯ ಬಾಬ್ತಿಗೆ ಆಧಾರ ಅದೇ. ಆ ಮೊತ್ತಕ್ಕೆ ಸಾಮಾನ್ಯವಾಗಿ ಬಡ್ಡಿ ಸಿಗುವುದಿಲ್ಲ ಎಂಬುದೂ ತಿಳಿದಿರಲಿ.

ಗಡುವು ಮತ್ತು ರಾಜಿ

ಮೋಟಾರು ವಾಹನ ಕಾಯ್ದೆಗೆ 2022ರ ಏಪ್ರಿಲ್ 1ರಿಂದ ಜಾರಿಯಾದ ತಿದ್ದುಪಡಿಯ ಪ್ರಕಾರ ಅಪಘಾತದ ದಿನದಿಂದ 6 ತಿಂಗಳೊಳಗೆ ಪರಿಹಾರದ ಅರ್ಜಿ ಸಲ್ಲಿಸಬೇಕು. ಚಿಕಿತ್ಸೆ ಮುಗಿಯಲಿ ಎಂದು ಕಾಯುತ್ತ ಕುಳಿತು ಗಡುವನ್ನು ಮೀರಬೇಡಿ. ಅರ್ಜಿ ಹಾಕಿದ ಮೇಲೂ ಚಿಕಿತ್ಸೆ ಮುಂದುವರಿಯುತ್ತದೆ, ನಂತರದ ಬಿಲ್ಲುಗಳನ್ನು ಸಾಕ್ಷ್ಯದ ಹಂತದಲ್ಲಿ ಹಾಜರುಪಡಿಸಬಹುದು. ಅರ್ಜಿಯನ್ನು ಅಪಘಾತ ನಡೆದ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲಷ್ಟೇ ಅಲ್ಲ, ಗಾಯಾಳು ವಾಸಿಸುವ ಅಥವಾ ವ್ಯವಹಾರ ನಡೆಸುವ ಸ್ಥಳದಲ್ಲಿಯೂ ಸಲ್ಲಿಸಬಹುದು. ರಾಮನಗರದ ಬಳಿ ಬಿದ್ದ ಮಂಡ್ಯದವನು ಮಂಡ್ಯದಲ್ಲಿಯೇ ಹಾಕಿದರೆ ವಿಚಾರಣೆಯ ದಿನ ಕುಂಟುಗಾಲಿನಲ್ಲಿ ಅಲೆಯುವುದು ತಪ್ಪುತ್ತದೆ. ಕೆಲಸದ ಮೇಲಿದ್ದಾಗ ಅಪಘಾತವಾದವರು ನೌಕರರ ಪರಿಹಾರದ ಕಾನೂನಿನಡಿಯೂ ಕೇಳಬಹುದಾದರೂ ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕು.

ಲೋಕ ಅದಾಲತ್ ಹತ್ತಿರ ಬಂದಾಗ ರಾಜಿಯ ಮಾತು ಬರುತ್ತದೆ. ರಾಜಿ ತಪ್ಪಲ್ಲ, ಎಷ್ಟೋ ವೇಳೆ ಅದೇ ಲೇಸು. ಆದರೆ ಮೂಳೆ ಕೂಡಿದೆಯೋ ಇಲ್ಲವೋ ಎಂಬುದು ಎಕ್ಸ್‌ರೇಯಲ್ಲಿ ತೀರ್ಮಾನವಾಗುವ ಮುನ್ನ, ಎರಡನೆಯ ಶಸ್ತ್ರಚಿಕಿತ್ಸೆ ಬೇಕೇ ಎಂದು ವೈದ್ಯರು ಹೇಳುವ ಮುನ್ನ ಸಹಿ ಹಾಕಬೇಡಿ. ಲೋಕ ಅದಾಲತ್‌ನಲ್ಲಿ ಆದ ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ.

ವೈದ್ಯರ ಸಾಕ್ಷ್ಯ

ಅಂಗವೈಕಲ್ಯದ ಪ್ರಮಾಣವನ್ನು ಹೇಳಬೇಕಾದವರು ಚಿಕಿತ್ಸೆ ನೀಡಿದ ವೈದ್ಯರು. ಗಾಯಾಳುವನ್ನು ಒಮ್ಮೆಯೂ ನೋಡಿರದೆ, ಕೇಸಿಗಾಗಿಯೇ ಒಂದು ದಿನ ಪರೀಕ್ಷಿಸಿ ಪ್ರಮಾಣಪತ್ರ ಕೊಡುವವರ ಬಗ್ಗೆ ನ್ಯಾಯಮಂಡಳಿಗಳು ಎಚ್ಚರದಿಂದಿರಬೇಕೆಂದು ರಾಜಕುಮಾರ್ ತೀರ್ಪಿನಲ್ಲಿಯೇ ಸುಪ್ರೀಂ ಕೋರ್ಟ್ ಹೇಳಿದೆ. ಪಾಟೀ ಸವಾಲಿನ ಮೊದಲ ಪ್ರಶ್ನೆ "ನೀವು ಚಿಕಿತ್ಸೆ ನೀಡಿದ ವೈದ್ಯರಲ್ಲ ಎಂದರೆ ಸರಿಯೇ" ಎಂಬುದೇ ಆಗಿರುತ್ತದೆ. ಒಂದೇ ಆಸ್ಪತ್ರೆಯಲ್ಲಿ, ಸಾಧ್ಯವಾದಷ್ಟು ಒಬ್ಬರೇ ವೈದ್ಯರ ಬಳಿ ಮರುಭೇಟಿಗಳನ್ನು ಮುಂದುವರಿಸಿದವರಿಗೆ ಈ ಪ್ರಶ್ನೆಯ ಭಯವಿಲ್ಲ. ಸರ್ಕಾರಿ ವೈದ್ಯರಿಗೆ ವರ್ಗವಾಗಿದ್ದರೆ ಅದೇ ವಿಭಾಗದ ವೈದ್ಯರು ಹಳೆಯ ಕೇಸ್ ಶೀಟ್ ನೋಡಿ, ಗಾಯಾಳುವನ್ನು ಮತ್ತೆ ಪರೀಕ್ಷಿಸಿ, ಹೊಸ ಎಕ್ಸ್‌ರೇ ತೆಗೆಸಿ ಸಾಕ್ಷ್ಯ ಹೇಳಬಹುದು. ವೈದ್ಯರು ಶಸ್ತ್ರಚಿಕಿತ್ಸೆಯ ದಿನಗಳನ್ನು ಬಿಟ್ಟು ನ್ಯಾಯಾಲಯಕ್ಕೆ ಬರಲು ಹಿಂಜರಿದರೆ ನ್ಯಾಯಾಲಯದ ಪರವಾಗಿ ಹೇಳಿಕೆ ಬರೆದುಕೊಳ್ಳುವ ಆಯುಕ್ತರನ್ನು ನೇಮಿಸಿ ಆಸ್ಪತ್ರೆಯಲ್ಲಿಯೇ ಹೇಳಿಕೆ ದಾಖಲಿಸಿಕೊಳ್ಳಲು ಅವಕಾಶವಿದೆ. ನಿಮ್ಮ ವಕೀಲರನ್ನು ಅದಕ್ಕೆ ಅರ್ಜಿ ಹಾಕುವಂತೆ ಕೇಳಿ.

ಸಾಕ್ಷ್ಯದ ಹಿಂದಿನ ವಾರ ಇನ್ನೊಮ್ಮೆ ವೈದ್ಯರನ್ನು ಕಂಡು, ಮೊದಲ ಎಕ್ಸ್‌ರೇಯಿಂದ ಕೊನೆಯದರವರೆಗೆ ತಾರೀಕಿನ ಕ್ರಮದಲ್ಲಿ ಜೋಡಿಸಿದ ಕಡತವನ್ನು ಅವರ ಮುಂದಿಡಿ. ವರ್ಷದಲ್ಲಿ ನೂರಾರು ಕಾಲು ನೋಡಿದವರಿಗೆ ನಿಮ್ಮ ಕಾಲು ನೆನಪಿರಬೇಕೆಂದು ನಿರೀಕ್ಷಿಸುವಂತಿಲ್ಲ. ತೀರ್ಪು ಬಂದ ದಿನವೇ ಆ ಕಡತವನ್ನು ಅಟ್ಟಕ್ಕೆ ಹಾಕಬೇಡಿ. ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಲು 90 ದಿನಗಳ ಅವಧಿಯಿದೆ. ವಿವಾದದ ಮೊತ್ತ 1 ಲಕ್ಷಕ್ಕಿಂತ ಕಡಿಮೆಯಿದ್ದರೆ ಮೇಲ್ಮನವಿಗೆ ಅವಕಾಶವಿಲ್ಲವಾದರೂ, ಅದಕ್ಕಿಂತ ಹೆಚ್ಚಿದ್ದಾಗ ವಿಮಾ ಕಂಪನಿಯೂ ಅದೇ ದಾರಿಯಲ್ಲಿ ಹೋಗಬಹುದು, ಮತ್ತು ಆಗ ಮತ್ತೆ ಬೇಕಾಗುವುದು ಅವೇ ಚೀಟಿಗಳ ನಕಲುಗಳು.